ಬಾಲದಿಂದ ಜೋಡಿಸಿದ ಹೆಸರುಗಳು

ಹದಿನೆಂಟು ವರ್ಷಗಳಲ್ಲಿ ಒಬ್ಬ ಹೆಂಗಸು ಹನ್ನೊಂದು ಸಾವಿರದ ನಾನೂರು ಚೀಟಿ ಬರೆದಳು. ಆ ಚೀಟಿಗಳು 'ಸ್ಲಾವಿಕ್ ಅಡ್ಡಹೆಸರುಗಳ ಕೋಶ' ಎಂಬ ಪುಸ್ತಕವಾಗಿ 2025ರ ಮಾರ್ಚ್ 3ರಂದು ಒಸಾಕಾದಲ್ಲಿ ಬಿಡುಗಡೆಯಾದವು. ಮುಖಪುಟದ ಮೇಲೆ ಅವಳ ಗಂಡನ ಹೆಸರಿತ್ತು. ಒಳಗೆ, ಕೃತಜ್ಞತೆಯ ಪುಟದ ಕಡೆಯ ಸಾಲಿನಲ್ಲಿ, ಹೊತ್ತು ಹೊತ್ತಿಗೆ ಊಟ ಕೊಟ್ಟ ಮನೆಯವರಿಗೆ ವಂದನೆ ಹೇಳಲಾಗಿತ್ತು.

ಮಿನೊಹಾರಾ ಠಾಣೆಗೆ ದೂರು ಬಂದದ್ದು ಮಾರ್ಚ್ 17, ಸೋಮವಾರ, ಬೆಳಿಗ್ಗೆ 9.40ಕ್ಕೆ. ಬಂದವರು ಇಬ್ಬರು. ಒಬ್ಬ ವಿಶ್ವವಿದ್ಯಾಲಯದ ಆಡಳಿತ ಕಚೇರಿಯ ಮುಖ್ಯಸ್ಥ. ಇನ್ನೊಬ್ಬ ಪ್ರೊಫೆಸರ್ ಹರಿಹರ, ವಯಸ್ಸು ಅರವತ್ತೈದು, ಸ್ಲಾವಿಕ್ ಭಾಷಾ ವಿಭಾಗ, ಆ ತಿಂಗಳ ಕೊನೆಗೆ ನಿವೃತ್ತಿ. ನಮ್ಮ ಕಡೆಯ ಎಫ್‌ಐಆರ್ ಇದ್ದ ಹಾಗೆ ಅಲ್ಲಿ ನಷ್ಟದ ದೂರುಪತ್ರ. ಅದನ್ನು ಬರೆಯಲು ಕೂತದ್ದು ಇನ್‌ಸ್ಪೆಕ್ಟರ್ ಕುನಿಯೆದಾ. ಪಕ್ಕದಲ್ಲಿ ಕಾನ್‌ಸ್ಟೆಬಲ್ ತಾನಿಗಾವಾ.

"ಏನು ಕಳುವಾಗಿದೆ?"

"ಚೀಟಿಗಳು. ನನ್ನ ಕೋಣೆಯ ಬೀರುವಿನಿಂದ. ಇಪ್ಪತ್ನಾಲ್ಕು ಡ್ರಾಯರ್ ಖಾಲಿ."

"ಕೊನೆಗೆ ನೋಡಿದ್ದು?"

"ಗುರುವಾರ, 13ರ ಸಂಜೆ. ಶುಕ್ರವಾರದಿಂದ ಭಾನುವಾರದವರೆಗೆ ಕಾಶಿವಾದಲ್ಲಿ ಸೆಮಿನಾರ್‌ಗೆ ಹೋಗಿದ್ದೆ."

"ಚೀಟಿಯಲ್ಲಿ ಏನಿದೆ?"

"ಒಂದೊಂದರಲ್ಲಿ ಒಂದೊಂದು ಅಡ್ಡಹೆಸರು, ಮನೆತನದ ಹೆಸರು. ರಷ್ಯನ್, ಉಕ್ರೇನಿಯನ್, ಬಲ್ಗೇರಿಯನ್, ಚೆಕ್. ಯಾವ ಊರಿನ ಯಾವ ದಾಖಲೆಯಲ್ಲಿ ಸಿಕ್ಕಿತು, ಯಾರಿಂದ ಬಂತು, ಅರ್ಥ ಏನು. ನನ್ನ ಹದಿನೆಂಟು ವರ್ಷದ ದುಡಿಮೆ."

"ಯಾರ ಸ್ವತ್ತು?"

"ನನ್ನದು," ಎಂದ ಹರಿಹರ. "ವಿಶ್ವವಿದ್ಯಾಲಯದ್ದು," ಎಂದ ಕಚೇರಿ ಮುಖ್ಯಸ್ಥ. ಇಬ್ಬರೂ ಒಟ್ಟಿಗೇ ಹೇಳಿದರು. ಮಾರ್ಚ್ 28ರಂದು ಚೀಟಿಗಳನ್ನು ಗ್ರಂಥಾಲಯಕ್ಕೆ ಒಪ್ಪಿಸುವ ಸಮಾರಂಭವಿತ್ತು. ಪಟ್ಟಿಯಲ್ಲಿ ಆಗಲೇ ನಮೂದಾಗಿದೆ ಎಂದು ಮುಖ್ಯಸ್ಥ ಕಾಗದ ತೋರಿಸಿದ. ಕುನಿಯೆದಾ ವಿಶ್ವವಿದ್ಯಾಲಯ ಎಂದೇ ಬರೆದುಕೊಂಡ.

11.15ಕ್ಕೆ ಸ್ಥಳ ಪಂಚನಾಮೆ. ಮೂರನೆಯ ಮಹಡಿಯ ಕೋಣೆ. ಬಾಗಿಲ ಬೀಗಕ್ಕೆ ಪೆಟ್ಟಿಲ್ಲ. ಕಿಟಕಿ ಭದ್ರ. ಬೆರಳಚ್ಚಿನವರು ಪುಡಿ ಹಚ್ಚಿ ನೋಡಿದರು. ಇಪ್ಪತ್ನಾಲ್ಕು ಡ್ರಾಯರುಗಳ ಹಿಡಿಗಳ ಮೇಲೂ ಒಂದೇ ಕೈಯ ಗುರುತುಗಳು, ಹಳೆಯವು, ಹೊಸವು, ಒಂದರ ಮೇಲೊಂದು. ಹರಿಹರನ ಬೆರಳು ಬೀರುವಿನ ಮೇಲಿನ ಹಲಗೆಯಲ್ಲಿ ಮಾತ್ರ ಸಿಕ್ಕಿತು, ಕಾಫಿ ಲೋಟ ಇಡುವ ಜಾಗದಲ್ಲಿ.

ಕೋಣೆಗಳ ಕೀಲಿಗಳು ಕೆಳಗೆ ಗೋಡೆಯ ಪೆಟ್ಟಿಗೆಯಲ್ಲಿರುತ್ತವೆ. ಕೀಲಿ ತೆಗೆದವರು ಪಕ್ಕದ ಪುಸ್ತಕದಲ್ಲಿ ಹೆಸರು, ಹೊತ್ತು ಬರೆಯಬೇಕು. ಮಾರ್ಚ್ 14, ಶುಕ್ರವಾರ: ಕೀಲಿ ತೆಗೆದದ್ದು 12.05, ಮರಳಿಸಿದ್ದು 1.35. ಹೆಸರಿನ ಜಾಗದಲ್ಲಿ, ಹೊರದೇಶದವರ ಹೆಸರಿಗೆ ಬಳಸುವ ಜಪಾನಿ ಅಕ್ಷರಗಳಲ್ಲಿ, ದುಂಡಾಗಿ, ಒಂದು ಚುಕ್ಕೆಯೂ ತಪ್ಪದೆ ಬರೆದಿತ್ತು: ವೇದವಲ್ಲಿ.

ಇನ್‌ಸ್ಪೆಕ್ಟರ್ ಪುಸ್ತಕವನ್ನು ಹರಿಹರನ ಮುಂದೆ ಹಿಡಿದ. ಹರಿಹರ ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ.

"ನಿಮ್ಮ ದೇಶದ ಹೆಸರೇ?"

"ಇರಬಹುದು."

"ವಿದ್ಯಾರ್ಥಿನಿಯೇ?"

"ಅಲ್ಲ."

"ಮತ್ತೆ ಯಾರು?"

"ಈ ಹೆಸರಿನವರು ಯಾರೂ ನನಗೆ ಗೊತ್ತಿಲ್ಲ."

ಹೊತ್ತು 11.50. ತಾನಿಗಾವಾ ಹಾಗೆಯೇ ಬರೆದುಕೊಂಡಳು. ಪುಸ್ತಕವನ್ನು ಜಪ್ತಿ ಮಾಡಿದರು.

ಮಧ್ಯಾಹ್ನ ಠಾಣೆಯ ಕಂಪ್ಯೂಟರ್‌ನಲ್ಲಿ ಹುಡುಕಿದರು. ಒಸಾಕಾ ಪ್ರಾಂತದ ವಿದೇಶೀಯರ ಪಟ್ಟಿಯಲ್ಲಿ ಆ ಹೆಸರಿನವರು ಇರಲಿಲ್ಲ. ವಿಮಾನ ನಿಲ್ದಾಣದ ದಾಖಲೆಯಲ್ಲೂ ಇರಲಿಲ್ಲ. ಕುನಿಯೆದಾನ ಮುಖದಲ್ಲಿ ಸ್ವಲ್ಪ ಹುರುಪು ಬಂತು. ಕದ್ದು ನುಸುಳಿದವಳು, ಸುಳ್ಳು ಹೆಸರಿನವಳು ಎಂದು ಟಿಪ್ಪಣಿ ಹಾಕಿದ.

"ತಾನಿಗಾವಾ."

ಅವಳು ತಿರುಗಲಿಲ್ಲ.

"ತಾನಿಗಾವಾ."

"ಹೇಳಿ ಸರ್. ಕ್ಷಮಿಸಿ."

ಜನವರಿಯವರೆಗೆ ಅವಳು ಹೊಶಿನಾ. ಏಳು ವರ್ಷ ಆ ಹೆಸರಿನಲ್ಲೇ ಕಳ್ಳರನ್ನು ಹಿಡಿದಿದ್ದಳು. ಆ ದೇಶದ ಕಾನೂನಿನಲ್ಲಿ ಮದುವೆಯಾದ ಇಬ್ಬರಿಗೂ ಒಂದೇ ಅಡ್ಡಹೆಸರು ಇರಬೇಕು. ಯಾರದು ಎಂದು ಕಾನೂನು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ನೂರಕ್ಕೆ ತೊಂಬತ್ತಕ್ಕೂ ಮೀರಿ ಹೆಂಡತಿಯೇ ತನ್ನದನ್ನು ಬಿಡುತ್ತಾಳೆ. ಠಾಣೆಯವರು ಅವಳ ಎದೆಯ ಪಟ್ಟಿ ಬದಲಿಸಿ ಕೊಟ್ಟು, ಶುಭಾಶಯ ಹೇಳಿ, ಹಳೆಯ ಪಟ್ಟಿಯನ್ನು ವಾಪಸ್ ತೆಗೆದುಕೊಂಡಿದ್ದರು.

"ಪ್ರೊಫೆಸರರ ಭಾಷೆ ಕನ್ನಡ. ಕನ್ನಡ ಬಲ್ಲ ದುಭಾಷಿಯನ್ನು ಕರೆಸು," ಎಂದ ಕುನಿಯೆದಾ.

ಯಾಮಿನಿ ಬಂದದ್ದು ಮರುದಿನ, 18ರ ಬೆಳಿಗ್ಗೆ 10ಕ್ಕೆ. ಬೆಂಗಳೂರಿನವಳು, ಒಸಾಕಾದಲ್ಲಿ ಐಟಿ ಕೆಲಸ, ಪೊಲೀಸರ ದುಭಾಷಿ ಪಟ್ಟಿಯಲ್ಲಿ ಕನ್ನಡಕ್ಕೆ ಇದ್ದ ಒಂದೇ ಹೆಸರು. ಇದುವರೆಗೆ ಸೈಕಲ್ ಅಪಘಾತ, ವೀಸಾ ತಕರಾರುಗಳಿಗಷ್ಟೇ ಕರೆ ಬಂದಿತ್ತು.

"ದಕ್ಷಿಣ ಭಾರತದ ಹೆಂಗಸಿನ ಹೆಸರು," ಎಂದಳು ಪುಸ್ತಕ ನೋಡಿ. "ಸ್ವಲ್ಪ ಹಳೇ ಕಾಲದ್ದು."

"ಇಲ್ಲಿ ಯಾರಿಗಾದರೂ ಇದೆಯೇ?"

ಯಾಮಿನಿ ಅಲ್ಲಿಯೇ ಗೆಳತಿಗೆ ಫೋನ್ ಮಾಡಿದಳು. "ಶ್ರೀವಿದ್ಯಾ, ನಮ್ಮ ಕನ್ನಡ ಗ್ರೂಪಲ್ಲಿ ವೇದವಲ್ಲಿ ಅಂತ ಯಾರಾದ್ರೂ ಇದಾರೇನೇ?"

"ಯಾರೂ ಇಲ್ವಲ್ಲೇ. ಯಾವ್ದೋ ಸೀರಿಯಲ್ ಅತ್ತೆ ಹೆಸರಿದ್ದಂಗಿದೆ. ಹೊಸದಾಗಿ ಬಂದಿರೋರಾ?"

"ಗೊತ್ತಿಲ್ಲ. ಪೊಲೀಸ್ ಮ್ಯಾಟ್ರು, ಆಮೇಲೆ ಹೇಳ್ತೀನಿ."

"ಹರಿಹರ ಆಂಟೀನ ಕೇಳು. ಅವರಿಗೆ ಇಲ್ಲಿರೋರೆಲ್ಲ ಗೊತ್ತು."

ಯಾಮಿನಿ ಹರಿಹರ ಆಂಟಿಗೂ ಫೋನ್ ಮಾಡಿದಳು. ಅವರು ಎತ್ತಲಿಲ್ಲ.

ಅದೇ ದಿನ ಸಂಜೆ 4.10ಕ್ಕೆ ತಾನಿಗಾವಾ ಒಬ್ಬಳೇ ಮತ್ತೆ ಆ ಕಟ್ಟಡಕ್ಕೆ ಹೋದಳು. ಬಾಗಿಲ ಕಾವಲಿಗೆ ಒಗಿನೋ ಎಂಬ ಮುದುಕ ಇದ್ದ.

"ಒಗಿನೋ ಸಾನ್, ಶುಕ್ರವಾರ ಹನ್ನೆರಡರಿಂದ ಎರಡರೊಳಗೆ ಯಾರು ಬಂದರು?"

"ಯಾರೂ ಇಲ್ಲ. ನಿನ್ನೆಯೇ ಹೇಳಿದೆನಲ್ಲ."

"ಒಬ್ಬರೂ ಇಲ್ಲವೇ?"

"ಕಟ್ಟಡದವರು ಬಂದರು, ಹೋದರು. ಅಂಚೆಯವನು. ಇನ್ನು ಓಕುಸಾನ್ ಊಟ ತಂದಿದ್ದರು. ಅಷ್ಟೇ."

ಓಕುಸಾನ್ ಎಂದರೆ ಮನೆಯವರು. ಯಾರ ಹೆಂಡತಿಯಾದರೂ ಓಕುಸಾನ್, ಯಾವ ಮೇಷ್ಟ್ರಾದರೂ ಸೆನ್ಸೇ.

"ಯಾರ ಓಕುಸಾನ್?"

"ಹರಿಹರ ಸೆನ್ಸೇ ಅವರ. ಪ್ರತಿ ಶುಕ್ರವಾರ ತರುತ್ತಾರೆ. ಊಟ ಕೊಟ್ಟು ಸಂಜೆವರೆಗೂ ಕೋಣೆಯಲ್ಲಿರುತ್ತಾರೆ. ಈ ಸಲ ಬೇಗ ಹೋದರು. ಎರಡು ಸಲ ಬಂದು ಹೋದರು, ಚಕ್ರದ ಚೀಲ ಎಳೆದುಕೊಂಡು."

"ಶುಕ್ರವಾರ ಸೆನ್ಸೇ ಕಾಶಿವಾದಲ್ಲಿದ್ದರು. ಊಟ ಯಾರಿಗೆ ತಂದರು?"

ಒಗಿನೋ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಅವರ ಹೆಸರೇನು?"

"ಓಕುಸಾನ್‌ಗೆ ಹೆಸರೇ?" ಮುದುಕ ನಿಜವಾಗಿಯೂ ಯೋಚಿಸಿದ. "ಹರಿಹರ ಸೆನ್ಸೇ ಅವರ ಓಕುಸಾನ್."

"ಎಷ್ಟು ವರ್ಷದಿಂದ ನೋಡುತ್ತಿದ್ದೀರಿ?"

"ನಾನು ಈ ಕುರ್ಚಿಗೆ ಬಂದು ಹನ್ನೊಂದು ವರ್ಷ. ನಾನು ಬರುವ ಮೊದಲಿನಿಂದಲೂ ಬರುತ್ತಿದ್ದಾರೆ."

ತಾನಿಗಾವಾ ವಾರ್ಡ್ ಕಚೇರಿಯಿಂದ ಕುಟುಂಬದ ದಾಖಲೆ ತರಿಸಿದಳು. ಹೆಂಡತಿ: ಸೌಭಾಗ್ಯಾ ಹರಿಹರ, ಅರವತ್ತೊಂದು. ವಾಸದ ಪರವಾನಗಿಯ ಬಗೆ: ಅವಲಂಬಿತೆ.

"ಸೌಭಾಗ್ಯಾ," ಎಂದು ಓದಿದ ಕುನಿಯೆದಾ. "ವೇದವಲ್ಲಿ ಅಲ್ಲ. ಕೀಲಿಯನ್ನು ಯಾರಿಗೋ ಕೊಟ್ಟಿರಬೇಕು. ಸಾಕ್ಷಿಯಾಗಿ ವಿಚಾರಿಸೋಣ."

ಮಾರ್ಚ್ 19, ಬುಧವಾರ, ಮಧ್ಯಾಹ್ನ 1.50. ಹರಿಹರನ ಮನೆ ನಾಲ್ಕನೆಯ ಮಹಡಿಯಲ್ಲಿ. ಕುನಿಯೆದಾ, ತಾನಿಗಾವಾ, ಹಿಂದೆ ಯಾಮಿನಿ. ಬಾಗಿಲು ತೆರೆದವಳು ಸ್ವೆಟರ್ ತೊಟ್ಟ, ಮೂಗುಬೊಟ್ಟಿನ ಹೆಂಗಸು.

"ಆಂಟಿ, ಸಾರಿ," ಎಂದಳು ಯಾಮಿನಿ. "ಪೊಲೀಸ್‌ನೋರು ಒಂದೆರಡು ಮಾತು ಕೇಳ್ಬೇಕಂತೆ, ಅಷ್ಟೇ. ಟೆನ್ಷನ್ ಮಾಡ್ಕೋಬೇಡಿ. ನಿಮಗೆ ವೇದವಲ್ಲಿ ಅಂತ ಯಾರಾದ್ರೂ..."

"ನಾನೇ ಕಣಮ್ಮ."

ಯಾಮಿನಿ ಅದನ್ನು ಜಪಾನಿಗೆ ತಿರುಗಿಸಬೇಕಿತ್ತು. ತಿರುಗಿಸಲಿಲ್ಲ. ಕುನಿಯೆದಾ ಅವಳ ಕಡೆ ನೋಡಿದ.

"ಹೇಳು ಅವರಿಗೆ," ಎಂದಳು ವೇದವಲ್ಲಿ. "ಐದು ವರ್ಷದಿಂದ ನಮ್ಮನೇಲಿ ಊಟ ಮಾಡ್ತಿದೀಯ. ಒಂದು ದಿನ ನನ್ನ ಹೆಸರು ಕೇಳಿದೀಯಾ?"

"ಇಲ್ಲ ಆಂಟಿ."

"ಪುಳಿಯೋಗರೆ ಗೊಜ್ಜಿಗೆ ಏನೇನು ಹಾಕ್ತೀರಿ ಅಂತ ಕೇಳಿದೀಯ. ಬನ್ನಿ ಒಳಗೆ. ನೋಡ್ಕೊಂಡು ಕಾಲಿಡಿ. ಒಣಗ್ತಾ ಇವೆ."

ಮಗ ಬೇರೆ ಊರಿಗೆ ಹೋದ ಮೇಲೆ ಖಾಲಿ ಉಳಿದಿದ್ದ ಸಣ್ಣ ಕೋಣೆ. ನೆಲದ ಚಾಪೆಯ ಮೇಲೆ ಹಳೆಯ ಬೆಡ್‌ಶೀಟುಗಳು. ಅವುಗಳ ಮೇಲೆ ಸಂಡಿಗೆ ಒಣಹಾಕಿದ ಹಾಗೆ ಸಾಲು ಸಾಲು ಚೀಟಿಗಳು. ಒಂದೊಂದರ ಕೆಳಗಿನ ಮೂಲೆಯಲ್ಲೂ ಕೆಂಪು ಮುದ್ರೆ, ಇನ್ನೂ ಹಸಿ. ಕಿಟಕಿಯ ಬಳಿ ಕಿರುಮೇಜು, ಶಾಯಿಯ ಡಬ್ಬಿ, ಹೊಸದಾಗಿ ಕೊರೆಸಿದ ಮುದ್ರೆ. ಆ ದೇಶದಲ್ಲಿ ಬ್ಯಾಂಕಿನಲ್ಲಿ, ಅಂಚೆಯಲ್ಲಿ, ಬಾಡಿಗೆ ಕರಾರಿನಲ್ಲಿ ಎಲ್ಲ ಕಡೆ ಮುದ್ರೆಯೇ ಸಹಿ. ಆ ಮನೆಯಲ್ಲಿ ಹದಿನೆಂಟು ವರ್ಷ ಇದ್ದದ್ದು ಒಂದೇ ಮುದ್ರೆ, ಹರಿಹರ ಎಂದು ಕೊರೆದದ್ದು. ಇದರ ಮೇಲೆ ವೇದವಲ್ಲಿ ಎಂದಿತ್ತು.

"ಗಂಡ ನೋಡಲಿಲ್ಲವೇ ಇದನ್ನು?" ಎಂದು ಕುನಿಯೆದಾ ಕೇಳಿದ. ಯಾಮಿನಿ ಈಗ ತಿರುಗಿಸತೊಡಗಿದ್ದಳು.

"ಈ ಕೋಣೆಗೆ ಅವರು ಬರಲ್ಲ. ನಾನು ಇಲ್ಲೇ ತಾನೇ ಕೆಲಸ ಮಾಡೋದು."

"ನೀವು ತೆಗೆದದ್ದು ಅವರಿಗೆ ಗೊತ್ತೇ?"

"ಸೋಮವಾರ ಸಂಜೆ ಬಂದು, ಪೊಲೀಸರು ಬಂದಾರ, ಸುಮ್ಮನ ತಗೊಂಡುಹೋಗಿ ಇಟ್ಟುಬಿಡು ಅಂದರು. ನಿಮಗೆ ನನ್ನ ಹೆಸರು ಹೇಳಿಯೇ ಬಂದಿರ್ತಾರೆ ಅಂದುಕೊಂಡೆ. ಮದುವೆಯಾಗಿ ಮೂವತ್ತಾರು ವರ್ಷ ಆದ ಮೇಲಾದರೂ ಬಾಯಲ್ಲಿ ಬಂತಲ್ಲ ಅಂದುಕೊಂಡೆ. ಎರಡು ದಿನದಿಂದ ನಿಮ್ಮನ್ನೇ ಕಾಯ್ತಿದೀನಿ."

ಕುನಿಯೆದಾ ಟಿಪ್ಪಣಿಯ ಹಾಳೆ ತಿರುಗಿಸಿದ.

"ಚೀಟಿಗಳನ್ನು ಏನು ಮಾಡಬೇಕೆಂದಿದ್ದಿರಿ?"

"ಎಲ್ಲಕ್ಕೂ ಮುದ್ರೆ ಹಾಕಿ 27ಕ್ಕೆ ವಾಪಸ್ ಇಡ್ತಿದ್ದೆ. ಗ್ರಂಥಾಲಯಕ್ಕೇ ಹೋಗಲಿ. ಮುಂದೆ ಯಾವಳೋ ಒಬ್ಬಳು ಡ್ರಾಯರ್ ಎಳೆದು ನೋಡಿದರೆ ಯಾರ ಕೈ ಬರೆದದ್ದು ಅಂತ ಗೊತ್ತಾಗಲಿ. ಏಳು ಸಾವಿರ ಚಿಲ್ಲರೆ ಆಗಿದೆ. ನಾಲ್ಕು ಸಾವಿರ ಬಾಕಿ ಇದೆ. ಮುಗಿಸಿಬಿಡಲಾ?"

ಮುಗಿಸಲು ಬಿಡಲಿಲ್ಲ. ಮಧ್ಯಾಹ್ನ 2.20ಕ್ಕೆ, ವಿಶ್ವವಿದ್ಯಾಲಯದ ಸ್ವತ್ತನ್ನು ಕದ್ದ ಆರೋಪದ ಮೇಲೆ ಬಂಧನ ಎಂದು ಕುನಿಯೆದಾ ಗಟ್ಟಿಯಾಗಿ ಹೇಳಿದ. ಯಾಮಿನಿ ಕನ್ನಡದಲ್ಲಿ ಹೇಳಿದಳು. ವೇದವಲ್ಲಿ ಒಲೆ ಆರಿಸಿ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಂಡು ಬಂದಳು.

ಬಂಧನದ ಕಾಗದದಲ್ಲಿ ಹೆಸರು ತುಂಬುವಾಗ ಪಾಸ್‌ಪೋರ್ಟ್ ಬೇರೆ ಹೇಳುತ್ತದೆ ಎಂಬ ಪ್ರಶ್ನೆ ಬಂತು. ಉತ್ತರ ಇಷ್ಟು. ಅವಳು ಮೈಸೂರಿನವಳು. ಅಲ್ಲಿ ರಷ್ಯನ್ ಕಲಿತು, ವಿದ್ಯಾರ್ಥಿವೇತನದಲ್ಲಿ ವೊರೊನೆಝ್‌ಗೆ ಹೋಗಿ ಐದು ವರ್ಷ ಸ್ಲಾವಿಕ್ ಭಾಷೆಗಳನ್ನು ಓದಿದಳು. ಪದವಿಪತ್ರದಲ್ಲಿ ವೇದವಲ್ಲಿ ಎಂದಿದೆ. ಧಾರವಾಡದ ಕಡೆಯ ಹರಿಹರನನ್ನು ಮದುವೆಯಾದ ದಿನ ಅವರ ಮನೆಯ ಪದ್ಧತಿಯಂತೆ ತಟ್ಟೆಯಲ್ಲಿ ಅಕ್ಕಿ ಹರಡಿ, ಮದುಮಗ ಉಂಗುರದಿಂದ ಹೊಸ ಹೆಸರು ಬರೆದ. ಸೌಭಾಗ್ಯಾ. ಪಾಸ್‌ಪೋರ್ಟೂ ಅದೇ ಹೆಸರಿನಲ್ಲಾಯಿತು. ಅಲ್ಲಿಂದ ಮುಂದೆ ಪದವಿ ಒಬ್ಬಳದು, ಮನುಷ್ಯಳು ಇನ್ನೊಬ್ಬಳು. ಬೆಂಗಳೂರಿನಲ್ಲಿ ಎರಡು ಕಡೆ, ಒಸಾಕಾದಲ್ಲಿ ಮೂರು ಕಡೆ ಕೆಲಸಕ್ಕೆ ಅರ್ಜಿ ಹಾಕಿದಳು. ಎಲ್ಲರೂ ಈ ವೇದವಲ್ಲಿ ಯಾರು ಎಂದು ಕೇಳಿದರು. ಎರಡೂ ಹೆಸರು ಒಬ್ಬಳದೇ ಎಂಬ ಪ್ರಮಾಣಪತ್ರ ಮಾಡಿಸಿಕೊಡು ಎಂದು ಅವಳು ಗಂಡನನ್ನು ಕೇಳಿದಳು. ಮುಂದಿನ ಸಲ ಊರಿಗೆ ಹೋದಾಗ ಎಂದ. ಆಮೇಲೆ ಅವನ ಕೆಲಸವನ್ನೇ ಮಾಡಿಕೊಡತೊಡಗಿದಳು.

ಜಪ್ತಿಯ ಪಟ್ಟಿ ಬರೆಯುವ ಪಾಳಿ ತಾನಿಗಾವಾಳದು. ಡ್ರಾಯರಿಗೆ ಒಂದರಂತೆ ಇಪ್ಪತ್ನಾಲ್ಕು ಕಟ್ಟು. ಒಂದೊಂದು ಕಟ್ಟಿನ ಮೊದಲ ಚೀಟಿ, ಕೊನೆಯ ಚೀಟಿಯ ಹೆಸರು ನಮೂದಿಸಬೇಕು. ನಾಲ್ಕು ಕಟ್ಟಿನವರೆಗೆ ಬರೆದು ನಿಲ್ಲಿಸಿದಳು.

"ಇವು ಯಾವ ಕ್ರಮದಲ್ಲಿವೆ?"

"ಬಾಲದಿಂದ," ಎಂದಳು ವೇದವಲ್ಲಿ. "ಕೊನೆಯ ಅಕ್ಷರದಿಂದ ಹಿಂದಕ್ಕೆ ಓದ್ಕೊಂಡು ಹೋಗಿ. ತಲೆಯಿಂದ ಜೋಡಿಸಿದರೆ ಒಂದೂರಿನ ಕಮ್ಮಾರ ಒಂದು ಕಡೆ, ಪಾದ್ರಿ ಇನ್ನೊಂದು ಕಡೆ. ಬಾಲದಿಂದ ಜೋಡಿಸಿದರೆ ಇವಾನೊವ್, ಪೆತ್ರೋವ್, ಪೊಪೋವ್ ಎಲ್ಲ ಪಕ್ಕಪಕ್ಕ ಬರ್ತಾರೆ. ಇವಾನನವನು, ಪೆತ್ರನವನು, ಪಾದ್ರಿಯವನು. ಯಾರವನು ಅನ್ನೋದು ಹೆಸರಿನ ಬಾಲದಲ್ಲಿರುತ್ತೆ."

"ಹೆಂಗಸಾದರೆ?"

"ಇವಾನೊವಾ. ಹುಟ್ಟಿದಾಗ ಇವಾನನವಳು. ಪೆತ್ರೋವ್‌ನ ಕಟ್ಟಿಕೊಂಡರೆ ಪೆತ್ರೋವಾ. ಬಾಲ ಅದೇ, ಯಜಮಾನ ಬೇರೆ."

ತಾನಿಗಾವಾಳ ಪೆನ್ನು ಕಾಗದದ ಮೇಲೆ ನಿಂತೇ ಇತ್ತು.

"ಅಮ್ಮನಿಂದ ಬಂದ ಹೆಸರು ಇಲ್ಲವೇ?"

"ಹತ್ತೊಂಬತ್ತನೇ ಕಟ್ಟು ತೆಗಿ. ವ್ದೋವಿನ್, ವಿಧವೆಯ ಮಗ. ಬಾಬಿನ್, ಅಜ್ಜಿಯವನು. ಇದು ನೋಡು, ರೊಮಾನಿಶಿನ್, ಉಕ್ರೇನಿನದು. ರೊಮಾನ್ ಅಂತ ಒಬ್ಬ. ಅವನ ಹೆಂಡತೀನ ಊರೋರು ರೊಮಾನಿಖಾ ಅನ್ನೋರು, ನಿಮ್ಮಲ್ಲಿ ಓಕುಸಾನ್ ಅಂದಹಾಗೆ. ಗಂಡ ಸತ್ತ, ಅವಳೇ ಹೊಲ ಉತ್ತು ಮಗನ್ನ ಬೆಳೆಸಿದಳು ಅಂತಿಟ್ಟುಕೋ. ಮಗನಿಗೆ ರೊಮಾನಿಶಿನ್ ಅಂತ ಹೆಸರಾಯ್ತು. ರೊಮಾನನ ಹೆಂಡತಿಯವನು."

"ಹಾಗಾದರೆ ಅವಳ ಹೆಸರು ಉಳಿಯಿತು."

"ಎಲ್ಲಿ ಉಳೀತು? ಅವಳ ಹೆಸರೇನು?"

ತಾನಿಗಾವಾ ಚೀಟಿಯನ್ನು ತಿರುಗಿಸಿ ನೋಡಿದಳು.

"ಯಾರೂ ಬರೆದಿಡಲಿಲ್ಲ," ಎಂದಳು ವೇದವಲ್ಲಿ. "ಇಂಥವು ಮುನ್ನೂರ ನಲವತ್ತು ಚೀಟಿ ಇವೆ. ಚರ್ಚಿನ ಪುಸ್ತಕ, ತೆರಿಗೆ ಪುಸ್ತಕ, ಸಿಕ್ಕಿದ್ದೆಲ್ಲ ಹುಡುಕಿದೆ. ಒಬ್ಬಳದೂ ಸಿಗಲಿಲ್ಲ."

ಯಾಮಿನಿ ಇದನ್ನು ತಿರುಗಿಸುತ್ತಾ ಹಣೆ ಉಜ್ಜಿಕೊಂಡಳು. ಅವಳ ಫೋನಿನಲ್ಲಿ ಆ ನಂಬರು ಹರಿಹರ ಆಂಟಿ ಎಂದೇ ಇತ್ತು.

ಮಾರ್ಚ್ 20, ಗುರುವಾರ, ಸರ್ಕಾರಿ ರಜೆ. ಬೆಳಿಗ್ಗೆ 10.30ಕ್ಕೆ ಹರಿಹರನ ಎರಡನೆಯ ಹೇಳಿಕೆ. ಅವನು ಹೆಂಡತಿಯ ಕೋಟು ತಂದಿದ್ದ.

"ಯಾಮಿನಿ, ಇದು ಮನಿ ವಿಷಯ. ಮನ್ಯಾಗ ಮುಗಸ್ತೀವಿ ಅಂತ ಹೇಳು ಅವರಿಗೆ," ಎಂದ ಕನ್ನಡದಲ್ಲಿ. "ಆಕಿಗೆ ತಲಿ ಸರಿ ಇಲ್ಲ. ವಯಸ್ಸು."

"ನಾನು ಹಾಗೆಲ್ಲ ಹೇಳೋಕಾಗಲ್ಲ ಅಂಕಲ್. ಕೇಳಿದ್ದನ್ನ ತಿರುಗಿಸೋದಷ್ಟೇ ನನ್ನ ಕೆಲಸ. ನಿಮಗೆ ಜಪಾನೀಸ್ ಬರುತ್ತಲ್ಲ, ನೀವೇ ಹೇಳಿ."

ಪ್ರಶ್ನೆ ಕೇಳಿದವಳು ತಾನಿಗಾವಾ. "ಚೀಟಿಗಳನ್ನು ಬರೆದವರು ಯಾರು?"

"ಕೈಬರಹ ಅವಳದು. ನಾನು ಹೇಳಿದೆ, ಅವಳು ಬರೆದಳು."

"ಬೀರುವಿನಲ್ಲಿ ಯಾವ ಕ್ರಮದಲ್ಲಿ ಇಟ್ಟಿದ್ದೀರಿ?"

"ಅಕ್ಷರದ ಕ್ರಮದಲ್ಲಿ. ಪುಸ್ತಕದಲ್ಲಿ ಇದ್ದ ಹಾಗೆಯೇ."

"ಇವಾನೊವ್ ಎಲ್ಲಿರುತ್ತದೆ?"

"ಮೂರನೆಯದೋ ನಾಲ್ಕನೆಯದೋ ಡ್ರಾಯರ್."

ತಾನಿಗಾವಾ ಮೂರನೆಯ ಕಟ್ಟನ್ನೂ ನಾಲ್ಕನೆಯ ಕಟ್ಟನ್ನೂ ಅವನ ಮುಂದೆ ಇಟ್ಟಳು. "ತೆಗೆದುಕೊಡಿ."

ಹರಿಹರ ಹುಡುಕಿದ. ಮೂರನೆಯದರಲ್ಲಿ ಹುಡುಕಿ, ನಾಲ್ಕನೆಯದನ್ನು ಬಿಚ್ಚಿದ. ಗಡಿಯಾರ ನೋಡಿಕೊಂಡರೆ ಆರು ನಿಮಿಷ. ಹದಿನೆಂಟು ವರ್ಷದ ತನ್ನ ದುಡಿಮೆಯಲ್ಲಿ, ರಷ್ಯನ್ ಕಲಿಯುವ ಮೊದಲ ದಿನದ ಮಗುವಿಗೂ ಗೊತ್ತಿರುವ ಹೆಸರನ್ನು ಅವನು ಹುಡುಕಿ ತೆಗೆಯಲಾರದೆ ಹೋದ.

"ಸಾಕು, ತಾನಿಗಾವಾ," ಎಂದ ಕುನಿಯೆದಾ.

"ಸರ್, ಇವರು ಆ ಡ್ರಾಯರುಗಳನ್ನು ಒಮ್ಮೆಯೂ ಎಳೆದಿಲ್ಲ. ಬೆರಳಚ್ಚಿನ ವರದಿಯೂ ಅದನ್ನೇ ಹೇಳುತ್ತದೆ."

"ನಾವು ತನಿಖೆ ಮಾಡುತ್ತಿರುವುದು ಕಳ್ಳತನ. ಪುಸ್ತಕ ಬರೆದವರು ಯಾರು ಎಂಬುದನ್ನಲ್ಲ."

ಮಧ್ಯಾಹ್ನ ವಿಶ್ವವಿದ್ಯಾಲಯದ ಕಚೇರಿ ಮುಖ್ಯಸ್ಥ ಫೋನ್ ಮಾಡಿದ. ಸಮಾರಂಭದ ಆಹ್ವಾನ ಪತ್ರಿಕೆ ಹೋಗಿಬಿಟ್ಟಿದೆ, ಪತ್ರಿಕೆಯವರು ಬರುತ್ತಾರೆ, ಯಾರಿಗೂ ತೊಂದರೆಯಾಗದ ದಾರಿ ಇದ್ದರೆ ನೋಡಿ ಎಂದ. ದಾರಿ ಇತ್ತು. ಅಲ್ಲಿನ ದಂಡಸಂಹಿತೆಯಲ್ಲಿ ನೂರು ವರ್ಷಕ್ಕೂ ಹಳೆಯ ಒಂದು ಕಲಮು ಇದೆ. ಗಂಡನ ಸ್ವತ್ತನ್ನು ಹೆಂಡತಿ ಕದ್ದರೆ ಶಿಕ್ಷೆಯಿಲ್ಲ. 28ನೇ ತಾರೀಖಿನವರೆಗೆ ಚೀಟಿಗಳು ಪ್ರೊಫೆಸರರ ಸ್ವಂತದವೇ ಎಂದು ವಿಶ್ವವಿದ್ಯಾಲಯ ಬರೆದುಕೊಡುತ್ತದೆ. ಅವು ಗಂಡನವು ಎಂದು ಹೆಂಡತಿ ಒಪ್ಪುತ್ತಾಳೆ. ಸಂಜೆ ಐದಕ್ಕೆ ಮನೆಗೆ ಹೋಗುತ್ತಾಳೆ. ವಿಶ್ವವಿದ್ಯಾಲಯದವು ಎಂದರೆ ಅವಳು ಕಳ್ಳಿ. ಗಂಡನವು ಎಂದರೆ ಹೆಂಡತಿ. ನನ್ನವು ಎಂದರೆ ಏನಾಗುತ್ತದೆ ಎಂದು ತಾನಿಗಾವಾ ಕೇಳಿದಳು. ಅದಕ್ಕೆ ಕಾಗದ ಬೇಕು, ಕಾಗದ ಎಲ್ಲಿದೆ ಎಂದ ಕುನಿಯೆದಾ. ಅವನ ಬೆನ್ನ ಹಿಂದೆ ಹನ್ನೊಂದು ಸಾವಿರದ ನಾನೂರು ಕಾಗದಗಳು ಜಪ್ತಿಯ ಪೆಟ್ಟಿಗೆಗಳಲ್ಲಿದ್ದವು.

ಕುನಿಯೆದಾ ಕೆಟ್ಟವನಲ್ಲ. ಕೆಟ್ಟವರು ಬೇಕಾಗಿಯೂ ಇರಲಿಲ್ಲ. ಅವನು ಹೇಳಿಕೆಯನ್ನು ತಾನೇ ಟೈಪ್ ಮಾಡಿ, ಬಿಸಿ ಚಹಾ ತರಿಸಿ, ವೇದವಲ್ಲಿಯನ್ನು ಕೂರಿಸಿ ನಿಧಾನವಾಗಿ ವಿವರಿಸಿದ.

"ಗಂಡನವು ಅಂತ ನಾನು ಹೇಳಬೇಕು," ಎಂದಳು ಅವಳು ಕೇಳಿಸಿಕೊಂಡು.

"ಒಂದು ವಾಕ್ಯ ಆಂಟಿ," ಎಂದಳು ಯಾಮಿನಿ. "ನಿಮ್ಮ ಶುಗರ್ ನೋಡ್ಕೊಳಿ. ಇಲ್ಲಾಂದ್ರೆ ಇಪ್ಪತ್ಮೂರು ದಿನ ಒಳಗೆ ಇಟ್ಕೋಬಹುದಂತೆ. ಕೇಸು, ವೀಸಾ, ಎಲ್ಲ ಕಷ್ಟ."

ವೇದವಲ್ಲಿ ಚಹಾ ಕುಡಿದಳು. "ಹದಿನೆಂಟು ವರ್ಷ ಬಿಟ್ಟುಕೊಟ್ಟೆ. ಇನ್ನೊಂದು ವಾಕ್ಯ ತಾನೇ." ಪೆನ್ನು ಕೈಗೆ ತೆಗೆದುಕೊಂಡಳು. "ಓದು, ಹಾಕ್ತೀನಿ."

ಸಹಿಗೆ ಮುಂಚೆ ಹೇಳಿಕೆಯನ್ನು ಮೊದಲಿಂದ ಕೊನೆಯವರೆಗೆ ಆರೋಪಿಯ ಭಾಷೆಯಲ್ಲಿ ಓದಿ ಹೇಳಬೇಕೆಂಬುದು ನಿಯಮ. ಸಂಜೆ 4.25. ಯಾಮಿನಿ ಜಪಾನಿ ಹಾಳೆಯನ್ನು ಕನ್ನಡಕ್ಕೆ ತಿರುಗಿಸುತ್ತಾ ಓದಿದಳು.

"ನಾನು ಪ್ರೊಫೆಸರ್ ಹರಿಹರ ಅವರ ಪತ್ನಿ. ಮಾರ್ಚ್ 14ರಂದು ನನ್ನ ಗಂಡನಿಗೆ ಸೇರಿದ ಚೀಟಿಗಳನ್ನು ಅವರಿಗೆ ತಿಳಿಸದೆ ಮನೆಗೆ ತಂದೆ. ಅವು ಗಂಡನ ಸ್ವತ್ತು ಎಂದು ನನಗೆ ಗೊತ್ತಿತ್ತು. ಕೀಲಿಯ ಪುಸ್ತಕದಲ್ಲಿ ಪಾಸ್‌ಪೋರ್ಟಿನಲ್ಲಿಲ್ಲದ ಹೆಸರು ಬರೆದದ್ದರಿಂದ ತನಿಖೆಗೆ ಅಡ್ಡಿಯಾಯಿತು. 17ರಂದು ಆ ಪುಸ್ತಕವನ್ನು ತೋರಿಸಿದಾಗ ನನ್ನ ಗಂಡ..."

ಯಾಮಿನಿ ನಿಲ್ಲಿಸಿದಳು.

"ಮುಂದೆ," ಎಂದ ಕುನಿಯೆದಾ.

"ಸರ್, ಈ ಸಾಲು ಬೇಕೇ?"

"ತನಿಖೆ ತಡವಾದದ್ದು ಯಾಕೆ ಎಂದು ಮೇಲಿನವರಿಗೆ ತೋರಿಸಬೇಕು. ಓದಿ."

"ನನ್ನ ಗಂಡ, ಈ ಹೆಸರಿನವರು ಯಾರೂ ತನಗೆ ಗೊತ್ತಿಲ್ಲ ಎಂದು ಹೇಳಿದರು."

ತಾನಿಗಾವಾ ನೆಲ ನೋಡುತ್ತಿದ್ದಳು. ಆ ಮಾತನ್ನು ಬರೆದುಕೊಂಡವಳು ಅವಳೇ.

"ಇನ್ನೊಂದ್ಸಲ ಓದು," ಎಂದಳು ವೇದವಲ್ಲಿ.

ಯಾಮಿನಿ ಓದಿದಳು.

"ಗೊತ್ತಿಲ್ಲ ಅಂದರಾ, ನೆನಪಿಲ್ಲ ಅಂದರಾ?"

"ಗೊತ್ತಿಲ್ಲ ಅಂದರು ಆಂಟಿ."

ವೇದವಲ್ಲಿ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. ಗಾಜಿನ ಆಚೆ ಬೆಂಚಿನ ಮೇಲೆ ಹರಿಹರ ಕೋಟನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡು ಕೂತಿದ್ದ. ಅವಳು ಆ ಕಡೆ ಒಮ್ಮೆ ನೋಡಿದಳು.

ಕುನಿಯೆದಾ ಹಾಳೆಯನ್ನು ಅವಳ ಕಡೆ ಸರಿಸಿದ. "ಇಲ್ಲಿ ಸಹಿ. ಕೆಳಗೆ ಎಡಗೈಯ ತೋರುಬೆರಳಿನ ಗುರುತು. ಹೊರಗೆ ನಿಮ್ಮವರು ಕಾಯುತ್ತಿದ್ದಾರೆ."

"ನಮ್ಮವರು ಯಾರೂ ಇಲ್ಲ ಅಲ್ಲಿ."

"ಸಹಿ ಹಾಕದಿದ್ದರೆ ನಾಳೆ ಪ್ರಾಸಿಕ್ಯೂಟರ್ ಮುಂದೆ ಹಾಜರುಪಡಿಸಬೇಕಾಗುತ್ತದೆ. ಕಳ್ಳತನದ ಆರೋಪ ಉಳಿಯುತ್ತದೆ. ಅರ್ಥವಾಯಿತೇ?"

"ಆಯ್ತು. ಅವರಿಗೂ ಇದನ್ನೇ ಹೇಳ್ತೀನಿ. ಚೀಟಿ ನನ್ನವು."

"ಓಕುಸಾನ್, ದಯವಿಟ್ಟು ಸಹಿ ಮಾಡಿ."

ವೇದವಲ್ಲಿ ಎದ್ದು ನಿಂತಳು. ಕುನಿಯೆದಾನ ಕಡೆ ತಿರುಗದೆ ತಾನಿಗಾವಾಳನ್ನು ಕೇಳಿದಳು, ಈ ಸಲ ದುಭಾಷಿಗೂ ಕಾಯದೆ, ಜಪಾನಿಯಲ್ಲೇ.

"ಮಾಡಲ್ಲ. ಮತ್ತೆ ಲಾಕಪ್ಪಿಗೆ ಹೋಗೋಣವಾ?"